ಶಿಲಾತೈಲವೂ ಚಲಚ್ಚಿತ್ರವೂ: ಇಬ್ರಾಹಿಂ ಗೋಲೆಸ್ತಾನರ ಮೂರು ಕೃತಿಗಳು

ಎಣ್ಣೆಯೆಂಬ ಶಬ್ದಕ್ಕೆ ಎಳ್ಳಿನ ನೆಯ್ ಎಂಬುದು ಮೂಲಾರ್ಥ. ಸಂಸ್ಕೃತದ ತೈಲವೂ ತಿಲದಿಂದಲೇ ನಿಷ್ಪನ್ನವಾದುದು. ಅದಕ್ಕೆ ಸ್ನೇಹವೆಂಬ ಇನ್ನೊಂದು ಹೆಸರೂ ಉಂಟಾದುದರಿಂದ ದೀಪವನ್ನು ವರ್ಣಿಸಹೊರಟ ಕವಿಗಳಿಗೆ ಶ್ಲೇಷವು ಅನಾಯಾಸವಾಗಿ ಒದಗಿತು. ನೆಲದಾಳದ ಶಿಲಾತೈಲಕ್ಕೆ ಇಂತಹ ಕಾವ್ಯಪರಂಪರೆ ಒದಗಿಬರಲಿಲ್ಲ. ಅದು ಕೊಳವೆಯಲ್ಲಿ ಹರಿದು, ಯಂತ್ರದ ಒಡಲಲ್ಲಿ ಉರಿದು, ಜನರ ಕಣ್ಣಿಗೆ ಬೀಳದೆಯೇ ಮುಗಿದುಹೋಗುತ್ತದೆ. ಕಾಣದ ಈ ವಸ್ತುವನ್ನು ಕಾಣಿಸುವುದು ಹೇಗೆ? ಅದರ ಒಡೆಯರ ಹಣದಿಂದಲೇ ಕಾಣಿಸಬೇಕಾಗಿ ಬಂದಾಗ ನಿಜವನ್ನು ನುಡಿಯುವುದು ಹೇಗೆ? ಇರಾನ್ ದೇಶದ ಕಥೆಗಾರರೂ ಚಲಚ್ಚಿತ್ರಕಾರರೂ ಆದ ಇಬ್ರಾಹಿಂ ಗೋಲೆಸ್ತಾನರು (೧೯೨೨–೨೦೨೩) ಈ ಎರಡು ಪ್ರಶ್ನೆಗಳನ್ನೂ ಎದುರಿಸಿದವರು.

ಆ ದೇಶದ ಮಸ್ಜಿದ್ ಸುಲೈಮಾನ್ ಎಂಬಲ್ಲಿ ೧೯೦೮ರಲ್ಲಿ ತೈಲವು ದೊರಕಿತು. ಮರುವರ್ಷವೇ ಆಂಗ್ಲೋ-ಪರ್ಷಿಯನ್ ಕಂಪೆನಿಯು ಸ್ಥಾಪಿತವಾಯಿತು. ೧೯೫೧ರಲ್ಲಿ ತೈಲೋದ್ಯಮವು ರಾಷ್ಟ್ರದ ಸ್ವತ್ತೆಂದು ಘೋಷಿಸಲ್ಪಟ್ಟಿತಾದರೂ ೧೯೫೩ರಲ್ಲಿ ಪ್ರಧಾನಿ ಮೊಸದ್ದೆಗ್ ಪದಚ್ಯುತರಾದರು. ೧೯೫೪ರಿಂದ ಕಾರ್ಯಾಡಳಿತವು ವಿದೇಶೀಯ ಕಂಪೆನಿಗಳ ಕೂಟಕ್ಕೆ ಸೇರಿತು. ಗೋಲೆಸ್ತಾನರ ಚಿತ್ರಶಾಲೆಗೆ ಮೊದಲಲ್ಲಿ ಆಶ್ರಯವಿತ್ತುದು ಈ ಕೂಟವೇ. ಆದುದರಿಂದ ಅವರ ತೈಲಚಿತ್ರಗಳು ಕಂಪೆನಿಯ ಪ್ರಚಾರಪತ್ರಗಳಿಗಿಂತ ಹೆಚ್ಚಿನವಲ್ಲವೆಂಬ ಪೂರ್ವಪಕ್ಷವು ಸಹಜವಾಗಿಯೇ ಏಳುತ್ತದೆ. ಚಿತ್ರಗಳನ್ನೇ ಪರೀಕ್ಷಿಸಿ ಅದಕ್ಕೆ ಉತ್ತರವನ್ನು ಹುಡುಕಬೇಕು.

೧೯೫೮ರಲ್ಲಿ ಅಹ್ವಾಜ್ ನಗರದ ಸಮೀಪದ ಒಂದು ತೈಲಬಾವಿಗೆ ಬೆಂಕಿ ತಗುಲಿ ಎರಡು ತಿಂಗಳಿಗೂ ಮೀರಿ ಉರಿಯಿತು. ಅದನ್ನು ಆರಿಸಿದ ಬಗೆಯೇ ೧೯೬೧ರ ‘ಯೆಕ್ ಆತಶ್’, ಎಂದರೆ ‘ಒಂದು ಬೆಂಕಿ’, ಎಂಬ ಕಿರುಚಿತ್ರದ ವಸ್ತು. ನೀರಿನ ಧಾರೆಯ ಮರೆಯಲ್ಲಿ ಕೆಲಸಗಾರರು ಸುಟ್ಟ ಕಬ್ಬಿಣವನ್ನು ಎಳೆದುಹಾಕುತ್ತಾರೆ. ಬಾವಿಯ ಬಾಯಿಗೆ ಸಿಡಿಮದ್ದನ್ನು ಒಯ್ದು ಸಿಡಿಸುತ್ತಾರೆ. ಸ್ಫೋಟದ ಹೊಡೆತಕ್ಕೆ ಜ್ವಾಲೆಯು ಆರಿದ ಮೇಲೆ ಬಾವಿಯ ಬಾಯನ್ನು ಕಟ್ಟುತ್ತಾರೆ. ಕಂಪೆನಿಗೆ ಬೇಕಾದುದು ಇಷ್ಟೇ. ಚಿತ್ರವಾದರೋ ಇಷ್ಟಕ್ಕೇ ನಿಲ್ಲುವುದಿಲ್ಲ. ಅದೇ ಬೆಂಕಿಯ ಬಳಿಯಲ್ಲಿ ಪೈರು ಕೊಯ್ಯುವ ಒಕ್ಕಲಿಗರು, ಮೇಯುವ ಕುರಿಗಳು, ಮನೆಗೆಲಸದ ಹೆಂಗಸರು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾರೆ. ನೆಲದ ಮೇಲಣ ಬೆಳೆ ಇವರದು. ನೆಲದ ಕೆಳಗಣ ತೈಲ ಮಾತ್ರ ಇವರದಲ್ಲ. ಇದನ್ನು ಚಿತ್ರವು ಬಾಯಿಬಿಟ್ಟು ಹೇಳದೆ ಎರಡು ದೃಶ್ಯಗಳನ್ನು ಒತ್ತೊತ್ತಾಗಿ ಇಡುವುದರಿಂದಲೇ ತೋರಿಸುತ್ತದೆ. ಈ ಜೋಡಣೆಯನ್ನು ಮಾಡಿದವರು ಪಾರಸೀಕದ ಪ್ರಸಿದ್ಧ ಕವಯಿತ್ರಿ ಫರೂಗ್ ಫರೂಖ್‌ಜಾದ್. ಇದೇ ಚಿತ್ರಶಾಲೆಯಲ್ಲಿ ನುರಿತು ಅವರು ೧೯೬೨ರಲ್ಲಿ ಕುಷ್ಠರೋಗಿಗಳ ವಸತಿಯನ್ನು ಕುರಿತು ‘ಮನೆಯು ಕಪ್ಪು’ ಎಂಬ ಚಿತ್ರವನ್ನು ರಚಿಸಿದರು.

ಎರಡನೆಯ ಕೃತಿ ೧೯೬೨ರ ‘ಮೌಜ್ ಓ ಮರ್ಜಾನ್ ಓ ಖಾರಾ’. ‘ಅಲೆ, ಹವಳ, ಕಗ್ಗಲ್ಲು’ ಎಂದು ಅರ್ಥ. (ಕನ್ನಡದ ಮೋಜು ಎಂಬ ಮಾತಿಗೂ ಅಲೆಯೆಂಬ ಅರ್ಥದ ಈ ಮೌಜ್ ಶಬ್ದವೇ ಮೂಲ.) ಗಚ್‌ಸಾರಾನಿನ ತೈಲಭೂಮಿಯಿಂದ ಖಾರ್ಗ್ ದ್ವೀಪದವರೆಗೆ ಬೆಟ್ಟಗಳ ಮೇಲೆಯೂ ಕಡಲ ತಳದಲ್ಲಿಯೂ ಕೊಳವೆಗಳನ್ನು ಹಾಯಿಸಿ ಹಡಗುಕಟ್ಟೆಯನ್ನು ನಿರ್ಮಿಸಿದ ಕಥೆಯಿದು. ಆದರೆ ಕೊಳವೆಗಿಂತ ಮೊದಲು ಹವಳದ ನಡುವಣ ಮೀನುಗಳೂ ದ್ವೀಪದ ಪುರಾತನ ಜೀವನವೂ ಬರುತ್ತವೆ. ವ್ಯಾಖ್ಯಾನದ ಗದ್ಯವು ಗೋಲೆಸ್ತಾನರದೇ. ಅದರ ನಡೆ ಪದ್ಯದ ಲಯಕ್ಕೆ ಹತ್ತಿರವಾದುದು. ಆಶ್ರಯದಾತರ ಸಾಹಸವನ್ನು ಹೊಗಳುವ ಆ ಕೃತಿಯಲ್ಲಿಯೇ, ಹಡಗು ತುಂಬಿ ಹೊರಟುಹೋಗುವ ಈ ಸಂಪತ್ತಿನಲ್ಲಿ ದ್ವೀಪದವರಿಗೆ ಉಳಿಯುವುದೇನೆಂಬ ಶಂಕೆಯನ್ನು ನೋಡುವವನು ತಾನಾಗಿಯೇ ತಾಳುವನು.

ಮೂರನೆಯದು ೧೯೭೪ರಲ್ಲಿ ತೆರೆಗೆ ಬಂದ ‘ಜಿನ್ನಿಯ ಕಣಿವೆಯ ನಿಧಿಯ ರಹಸ್ಯಗಳು’ ಎಂಬ ಕಥಾಚಿತ್ರ. ಇದು ಕಂಪೆನಿಯ ಆಶ್ರಯದ ಹೊರಗಿನದು. ಬಡ ಒಕ್ಕಲಿಗನೊಬ್ಬನಿಗೆ ಹೊಲದಲ್ಲಿ ಹೂತ ನಿಧಿಯು ದೊರಕುತ್ತದೆ. ಅವನು ಉಳುಮೆಯನ್ನು ಬಿಟ್ಟು, ಹಳ್ಳಿಗೆ ಹೊಂದದ ಥಳುಕಿನ ಸಾಮಾನುಗಳನ್ನು ತಂದು, ವಿಕಾರವಾದ ಸೌಧವೊಂದನ್ನು ಕಟ್ಟಿಸುತ್ತಾನೆ. ಕೊನೆಗೆ ರಸ್ತೆಗಾಗಿ ಬಂಡೆ ಸಿಡಿಸುವ ಅದುರಿಗೆ ಎಲ್ಲವೂ ಕುಸಿಯುತ್ತದೆ. ತೈಲದ ಹೆಸರನ್ನು ಎತ್ತದಿದ್ದರೂ ನಿಧಿಯೆಂದರೆ ಯಾವುದು, ಸೌಧವೆಂದರೆ ಯಾರದು ಎಂಬುದು ಬಲ್ಲವರಿಗೆ ಮರೆಯಾಗಿರಲಿಲ್ಲ. ಆ ವರ್ಷಗಳಲ್ಲಿಯೇ ತೈಲದ ಬೆಲೆಯು ಸುಮಾರು ನಾಲ್ಕು ಮಡಿಯಾಗಿ ರಾಜಧಾನಿಯಲ್ಲಿ ವೈಭವವು ಉಕ್ಕುತ್ತಿದ್ದಿತು. ಸರಕಾರವು ಸ್ವಲ್ಪ ಕಾಲದಲ್ಲಿಯೇ ಪ್ರದರ್ಶನವನ್ನು ನಿಲ್ಲಿಸಿತು. ಆಲಂಕಾರಿಕರು ಅನ್ಯೋಕ್ತಿಯೆಂದು ಕರೆಯುವುದು ಇದನ್ನೇ.

ಅದೇ ತೈಲಧನದ ಬಲದಿಂದ ೧೯೭೭ರಲ್ಲಿ ಟೆಹರಾನಿನ ಸಮಕಾಲೀನ ಕಲಾಸಂಗ್ರಹಾಲಯವು ತೆರೆಯಲ್ಪಟ್ಟಿತು. ಅಲ್ಲಿ ಜಪಾನಿನ ಶಿಲ್ಪಿ ನೊರಿಯುಕಿ ಹರಗುಚಿಯವರು (೧೯೪೬–೨೦೨೦) ಉಕ್ಕಿನ ಚೌಕತೊಟ್ಟಿಯೊಂದಕ್ಕೆ ಕಪ್ಪು ತೈಲವನ್ನು ತುಂಬಿ ‘ದ್ರವ್ಯ ಮತ್ತು ಮನಸ್ಸು’ ಎಂದು ಹೆಸರಿಟ್ಟರು. ಅಲುಗದ ತೈಲವು ಕನ್ನಡಿಯಾಗಿ ಮೇಲಿನ ಕಟ್ಟಡವನ್ನೇ ತನ್ನೊಳಗೆ ತೋರಿಸುತ್ತದೆ. ೧೯೭೯ರ ಕ್ರಾಂತಿಯ ಅನಂತರ ಪಾಶ್ಚಾತ್ಯ ಚಿತ್ರಗಳು ಬಹುಕಾಲ ನೆಲಮಾಳಿಗೆಯನ್ನು ಸೇರಿದವು. ತೊಟ್ಟಿಯು ಮಾತ್ರ ಇದ್ದಲ್ಲಿಯೇ ಉಳಿಯಿತು.

ಇವೆಲ್ಲವನ್ನೂ ಒಟ್ಟಿಗೆ ನೋಡಿದರೆ ಪೂರ್ವಪಕ್ಷವು ನಿಲ್ಲದು. ಆಶ್ರಯದಲ್ಲಿದ್ದಾಗ ಗೋಲೆಸ್ತಾನರು ತೈಲವನ್ನು ವಾಚ್ಯವಾಗಿಸಿ, ಅದರ ಬಳಿಯ ಜನರ ಪಾಡನ್ನು ವ್ಯಂಗ್ಯವಾಗಿಸಿದರು. ಆಶ್ರಯವನ್ನು ದಾಟಿದ ಮೇಲೆ ಜನರ ಪಾಡನ್ನು ವಾಚ್ಯವಾಗಿಸಿ ತೈಲವನ್ನೇ ವ್ಯಂಗ್ಯಕ್ಕೆ ಬಿಟ್ಟರು. ಮಾತು ಸ್ಥಾನಾಂತರವನ್ನು ಹೊಂದಿತೇ ಹೊರತು ಅರ್ಥವು ತಪ್ಪಲಿಲ್ಲ. ಆದರೆ ಆಶ್ರಯವು ನಿರಪಾಯವೆಂದು ಇದರಿಂದ ಸಿದ್ಧವಾಗುವುದಿಲ್ಲ. ಕಂಪೆನಿಯ ಹಣದಿಂದಾದ ಚಿತ್ರಗಳು ದೇಶವಿದೇಶಗಳಲ್ಲಿ ಪ್ರದರ್ಶಿತವಾದವು. ಆಶ್ರಯವಿಲ್ಲದ ಚಿತ್ರಕ್ಕೆ ಸ್ವದೇಶದಲ್ಲಿಯೇ ಎಡೆ ದೊರೆಯಲಿಲ್ಲ. ಆಶ್ರಿತರ ಕೃತಿಗಳನ್ನು ವಿಮರ್ಶಿಸುವವರು ಹಣವು ಎಲ್ಲಿಂದ ಬಂತೆಂಬುದರೊಡನೆ, ಹೇಳಿದುದರ ಪಕ್ಕದಲ್ಲಿ ಏನನ್ನು ಇಡಲಾಗಿದೆಯೆಂಬುದನ್ನೂ ವಿಚಾರಿಸತಕ್ಕದ್ದು.