ಮಳೆಗೆ ಬೆಳೆ ಪ್ರಾಸವಾಗದ ಕಾಲ

ಐದು ಅಕ್ಷರದ ಒಂದು ಇಂಗ್ಲಿಷ್ ಪದ ಬೇಕು. ಎರಡನೆಯ ಅಕ್ಷರ 'ಆರ್', ಮೂರನೆಯದು 'ಎ', ಕೊನೆಯದು 'ಇ'. ಉತ್ತರ 'ಗ್ರೇಪ್' ಆಗಬಹುದು, 'ಬ್ರೇವ್' ಆಗಬಹುದು. ಫೋನಿನಲ್ಲಿ ಇಂಥ ಆಟ ಆಡುವವರು ಈಗ ಹಳ್ಳಿಯಲ್ಲೂ ಸಿಗುತ್ತಾರೆ. ಉತ್ತರ ಹೊಳೆಯದಿದ್ದರೆ ಅದನ್ನು ಹುಡುಕಿ ಕೊಡುವ ಯಂತ್ರವೂ ಅದೇ ಫೋನಿನಲ್ಲಿದೆ. ಇದು ಇಂಗ್ಲಿಷಿನವರ ಆಟ, ನಮ್ಮದಲ್ಲ ಎಂದು ಯಾರಿಗಾದರೂ ಅನಿಸಬಹುದು. ಆದರೆ ಇಷ್ಟೇ ಉದ್ದ ಇರಬೇಕು, ಇಂಥ ಜಾಗದಲ್ಲಿ ಇಂಥದೇ ಅಕ್ಷರ ಇರಬೇಕು ಎಂಬ ಲೆಕ್ಕದಲ್ಲಿ ಪದ ಹುಡುಕುವ ಕೆಲಸವನ್ನು ಕನ್ನಡದವರು ಸಾವಿರ ವರ್ಷಗಳ ಹಿಂದೆಯೇ ಮಾಡಿದ್ದಾರೆ. ಅವರಿಗೆ ಅದು ಆಟವಾಗಿರಲಿಲ್ಲ, ಕಸುಬಾಗಿತ್ತು.

ಮೊದಲು ಇಂಗ್ಲಿಷಿನ ಕಥೆಯನ್ನು ಚಿಕ್ಕದಾಗಿ ಮುಗಿಸೋಣ. 1913ರ ಡಿಸೆಂಬರ್ 21ರಂದು ನ್ಯೂಯಾರ್ಕಿನ 'ವರ್ಲ್ಡ್' ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬಾತ ಮೊದಲ ಪದಬಂಧ ಅಚ್ಚು ಹಾಕಿಸಿದ. 1930ರ ದಶಕದಲ್ಲಿ ಕೆಲಸ ಕಳೆದುಕೊಂಡಿದ್ದ ಆಲ್ಫ್ರೆಡ್ ಬಟ್ಸ್ ಎಂಬ ಕಟ್ಟಡ ವಿನ್ಯಾಸಕಾರ ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಎಣಿಸಿ, ಮುಂದೆ 'ಸ್ಕ್ರಾಬಲ್' ಎಂದು ಹೆಸರಾದ ಆಟ ಕಟ್ಟಿದ. ಜಾಸ್ತಿ ಬರುವ 'ಇ'ಗೆ 12 ಬಿಲ್ಲೆ, ಅಪರೂಪದ 'ಕ್ಯೂ'ಗೆ ಒಂದೇ ಬಿಲ್ಲೆ, 10 ಅಂಕ. 2021ರಲ್ಲಿ ಜೋಶ್ ವಾರ್ಡಲ್ ಐದಕ್ಷರದ 'ವರ್ಡಲ್' ಆಟವನ್ನು ಎಲ್ಲರಿಗೂ ಬಿಟ್ಟುಕೊಟ್ಟ. ಮರುವರ್ಷದ ಜನವರಿಯಲ್ಲಿ 'ನ್ಯೂಯಾರ್ಕ್ ಟೈಮ್ಸ್' ಅದನ್ನು ಕೊಂಡುಕೊಂಡಿತು.

ಎರಡನೆಯ ಅಕ್ಷರದ ಕಟ್ಟು

ಈಗ ನಮ್ಮ ಕಡೆ ಬರೋಣ. ಹಳಗನ್ನಡದ ಕವಿಗಳಿಗೆ ಒಂದು ಕಟ್ಟಳೆ ಇತ್ತು. ಪದ್ಯದ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ಇದಕ್ಕೆ ಆದಿಪ್ರಾಸ ಎನ್ನುತ್ತಾರೆ. ಇದರ ಜೊತೆಗೆ ಮೊದಲ ಅಕ್ಷರದ ತೂಕವೂ ಹೊಂದಬೇಕು. ಮೊದಲ ಸಾಲು ಗಿಡ್ಡ ಅಕ್ಷರದಿಂದ, ಅಂದರೆ ಲಘುವಿನಿಂದ ಶುರುವಾದರೆ ಉಳಿದ ಸಾಲುಗಳೂ ಲಘುವಿನಿಂದಲೇ ಶುರುವಾಗಬೇಕು. ಗುರುವಾದರೆ ಎಲ್ಲವೂ ಗುರು. ಸುಮಾರು 990ರ ಹೊತ್ತಿಗೆ ಒಂದನೇ ನಾಗವರ್ಮ 'ಛಂದೋಂಬುಧಿ' ಬರೆದು ಛಂದಸ್ಸಿನ ಇಂಥ ಲೆಕ್ಕಗಳನ್ನು ಹೇಳಿಕೊಟ್ಟ.

ಅಂದರೆ ನಾಲ್ಕು ಸಾಲಿನ ಒಂದು ಪದ್ಯಕ್ಕೆ, ಎರಡನೆಯ ಜಾಗದಲ್ಲಿ ಗೊತ್ತಾದ ಅಕ್ಷರವಿರುವ, ಗೊತ್ತಾದ ಅಳತೆಯ ನಾಲ್ಕು ಪದ ಬೇಕು. ಅರ್ಥವೂ ಕೂಡಬೇಕು. ಫೋನಿನ ಆಟಕ್ಕಿಂತ ಇದು ಕಷ್ಟದ್ದು.

ಸತ್ತ ಅಕ್ಷರದ ಪಟ್ಟಿ

ಈ ಲೆಕ್ಕದಲ್ಲಿ ಒಂದು ತೊಡಕಿತ್ತು. ಹಳಗನ್ನಡದಲ್ಲಿ 'ಳ' ಅಲ್ಲದೆ ಅದರ ಹತ್ತಿರದ ಇನ್ನೊಂದು ಅಕ್ಷರ ಇತ್ತು: 'ೞ'. ತಮಿಳು, ಮಲಯಾಳದಲ್ಲಿ ಅದು ಇಂದಿಗೂ ಇದೆ. ಇಂಗ್ಲಿಷಿನವರು ಕೋಝಿಕ್ಕೋಡ್ ಬರೆಯುವಾಗ ನಡುವೆ 'ಝಡ್, ಎಚ್' ಹಾಕುತ್ತಾರಲ್ಲ, ಅದು ಇದೇ ಅಕ್ಷರ.

ನಮ್ಮ ಮಳೆ ಆಗ 'ಮೞೆ'. ಹುಳು ಆಗ 'ಪುೞು'. ಬಾಳೆ 'ಬಾೞೆ', ಕೋಳಿ 'ಕೋೞಿ'. ಆದರೆ ಬೆಳೆ ಮಾತ್ರ ಆಗಲೂ 'ಬೆಳೆ'. ಇಂದಿನ ನಮ್ಮ ಕಿವಿಗೆ ಮಳೆ, ಬೆಳೆ ಒಂದಕ್ಕೊಂದು ಅಂಟಿಕೊಂಡೇ ಬರುತ್ತವೆ. ಹಳೆಯ ಕವಿ ಈ ಎರಡನ್ನು ಪ್ರಾಸದಲ್ಲಿ ಕೂಡಿಸಿದರೆ ತಪ್ಪು, ಏಕೆಂದರೆ ಎರಡರ ವ್ಯಂಜನ ಬೇರೆ. ಮೞೆಗೆ ಪುೞು ಕೂಡುತ್ತದೆ. ಕೋೞಿ ಕೂಡುವುದಿಲ್ಲ, ಅದರ ಮೊದಲಕ್ಷರ ಗುರು.

ಕಾಲ ಕಳೆದಂತೆ ಜನರ ಬಾಯಲ್ಲಿ 'ೞ' ಕರಗಿ 'ಳ' ಆಯಿತು. ಕಿವಿಯನ್ನು ನಂಬಿ ಬರೆಯುವ ಕವಿಗೆ ಈಗ ತೊಂದರೆ. ಯಾವ ಪದದಲ್ಲಿ ಹಿಂದೆ 'ೞ' ಇತ್ತು, ಯಾವುದರಲ್ಲಿ 'ಳ' ಇತ್ತು ಎಂದು ಹೇಗೆ ತಿಳಿಯುವುದು? ಸುಮಾರು 1260ರಲ್ಲಿ 'ಶಬ್ದಮಣಿದರ್ಪಣ' ಎಂಬ ವ್ಯಾಕರಣ ಬರೆದ ಕೇಶಿರಾಜ ಇದಕ್ಕೆ ದಾರಿ ಮಾಡಿದ. 'ೞ' ಇರುವ ಪದಗಳನ್ನು ಆರಿಸಿ ಪಟ್ಟಿ ಕೊಟ್ಟ. ಗೊತ್ತಾದ ಅಕ್ಷರವಿರುವ ಪದಗಳ ಪಟ್ಟಿ ಎಂದು ಇವತ್ತು ಫೋನಿನಲ್ಲಿ ಹುಡುಕುವುದೂ ಇಂಥದ್ದನ್ನೇ.

ಆ ಅಕ್ಷರ ಸತ್ತರೂ ಅದರ ಗುರುತು ನಮ್ಮ ಮಾತಿನಲ್ಲಿ ಉಳಿದಿದೆ. 'ಕೇಳು' ಎಂದರೆ 'ಕೇಳಿದ' ಅನ್ನುತ್ತೇವೆ, 'ಬೀಳು' ಎಂದರೆ 'ಬೀಳಿದ' ಅನ್ನುವುದಿಲ್ಲ, 'ಬಿದ್ದ' ಅನ್ನುತ್ತೇವೆ. 'ಬಿೞ್ದು' ಹೋಗಿ 'ಬಿರ್ದು', ಅದು ಹೋಗಿ 'ಬಿದ್ದು' ಆಯಿತು. 'ಎದ್ದ' ಎನ್ನುವುದರ ಹಿಂದೆಯೂ ಇದೇ ಕಥೆ ಇದೆ.

ಇಂಥ ಪಟ್ಟಿ ಕಟ್ಟಿದವರು ಬೇರೆ ಕಡೆಯೂ ಇದ್ದರು. 12ನೇ ಶತಮಾನದಲ್ಲಿ ಗುಜರಾತಿನ ಜೈನ ಪಂಡಿತ ಹೇಮಚಂದ್ರ ತನ್ನ 'ಅನೇಕಾರ್ಥಸಂಗ್ರಹ' ಎಂಬ ಸಂಸ್ಕೃತ ಕೋಶದಲ್ಲಿ ಒಂದಕ್ಷರದ ಪದಗಳದ್ದು ಒಂದು ಕಾಂಡ, ಎರಡಕ್ಷರದ್ದು ಇನ್ನೊಂದು, ಹೀಗೆ ಪದದ ಉದ್ದ ನೋಡಿ ವಿಂಗಡಿಸಿದ. ಮುಂದೆ ಮಿಷನರಿ ಕಿಟೆಲ್ 1872ರಲ್ಲಿ 'ಶಬ್ದಮಣಿದರ್ಪಣ'ವನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದ. 1894ರಲ್ಲಿ ಸುಮಾರು 70,000 ಪದಗಳ ಅವನ ನಿಘಂಟು ಬಂತು. ಆದರೆ ಅಚ್ಚಿನ ನಿಘಂಟಿನಲ್ಲಿ ಮೊದಲಕ್ಷರ ಹಿಡಿದೇ ಹುಡುಕಬೇಕು. ನಡುವಿನ ಅಕ್ಷರ ಹಿಡಿದು ಹುಡುಕುವುದು ಕಂಪ್ಯೂಟರ್ ಬಂದ ಮೇಲೆ ಸುಲಭವಾಯಿತು.

ಕುಲಗೋಡ ಎಷ್ಟು ಅಕ್ಷರ?

ಕನ್ನಡದಲ್ಲಿ ಪದದ ಉದ್ದ ಅಳೆಯುವುದು ಇಂಗ್ಲಿಷಿನಷ್ಟು ಸಲೀಸಲ್ಲ. ಮೂಡಲಗಿ ತಾಲ್ಲೂಕಿನ ಕುಲಗೋಡದ ಹೆಸರನ್ನೇ ನೋಡಿ. ಪತ್ರಿಕೆಯ ಪದಬಂಧದಲ್ಲಿ 'ಕುಲಗೋಡ' ನಾಲ್ಕು ಮನೆ. ಕವಿಯ ಲೆಕ್ಕದಲ್ಲಿ ಐದು ಮಾತ್ರೆ, ಏಕೆಂದರೆ 'ಗೋ' ಎರಡು ಮಾತ್ರೆಯದು. ಕಂಪ್ಯೂಟರ್ ಕೊಂಬು, ಓತ್ವಗಳನ್ನು ಬೇರೆಯಾಗಿ ಎಣಿಸಿ ಆರು ಎನ್ನುತ್ತದೆ. ಅತ್ತ ಇಂಗ್ಲಿಷಿನಲ್ಲಿ ಐದು ಮನೆ ತುಂಬುವ 'ಗ್ರೇಪ್' ಕನ್ನಡದಲ್ಲಿ ಎರಡೇ ಮನೆ. ಇಂಗ್ಲಿಷ್ ಆಟವನ್ನು ಹಾಗೇ ಎತ್ತಿ ಕನ್ನಡಕ್ಕೆ ಇಟ್ಟರೆ ಕೂಡದಿರುವುದು ಇದಕ್ಕೇ.

ಇದೇ ಕುಲಗೋಡ ಶ್ರೀಕೃಷ್ಣ ಪಾರಿಜಾತದ ಊರು. ಅಪರಾಳ ತಮ್ಮಣ್ಣನ ಕೃತಿಯನ್ನು ಆಟವಾಗಿ ಬೆಳೆಸಿದವನು ಕುಲಗೋಡ ತಮ್ಮಣ್ಣ. ಪಕ್ಕದ ಕೌಜಲಗಿಯ ನಿಂಗಮ್ಮ ಅದನ್ನು ಮನೆಮಾತು ಮಾಡಿದಳು. ರಾತ್ರಿಯಿಡೀ ಹಾಡುವವರಿಗೆ ಪುಸ್ತಕ ನೋಡಲು ಪುರುಸೊತ್ತು ಎಲ್ಲಿ? ತಾಳ, ಪ್ರಾಸಗಳೇ ಮುಂದಿನ ಮಾತನ್ನು ನಾಲಗೆಗೆ ತಂದುಕೊಡುತ್ತವೆ. ಒಂದು ಪದ ಮರೆತು ಬೇರೆ ಪದ ಹಾಕಿದರೆ ಸಾಲು ಎಡವುತ್ತದೆ, ಕೇಳುವವರಿಗೂ ಗೊತ್ತಾಗುತ್ತದೆ.

ಕೇಶಿರಾಜನ ಪಟ್ಟಿಯಿಂದ ನಮಗೆ ತಿಳಿಯುವುದು ಇಷ್ಟು: ಬಾಯಿ ಮರೆಯಲು ಶುರುಮಾಡಿದಾಗ ಪಟ್ಟಿ ಬೇಕಾಗುತ್ತದೆ. ನಮ್ಮ ಭಾಗದಲ್ಲಿ ಈಗ ಮರೆಯುತ್ತಿರುವುದು ಅಕ್ಷರವಲ್ಲ, ಪದಗಳೇ. ಹಗೇವು ಮುಚ್ಚಿ ಹೋಯಿತು, ಹಂತಿ ಹೊಡೆಯುವುದು ನಿಂತಿತು, ಕಪಲಿ ಹೋಗಿ ಪಂಪ್‌ಸೆಟ್ ಬಂತು, ಕೊಳಗದ ಬದಲು ಕಿಲೋ ಬಂತು. ವಸ್ತು ಹೋದ ಮೇಲೆ ಹೆಸರು ಒಂದೆರಡು ತಲೆಮಾರು ಬಾಳಬಹುದು, ಅಷ್ಟೇ. ಹುಡುಕುವ ಯಂತ್ರ ಎಷ್ಟೇ ಚುರುಕಾಗಿದ್ದರೂ ಪಟ್ಟಿಯಲ್ಲಿ ಇಲ್ಲದ ಪದವನ್ನು ಅದು ಹುಡುಕಿ ಕೊಡಲಾರದು.

ಅದಕ್ಕೇ ನಿಮಗೊಂದು ಒಗಟು. ಮೂರು ಅಕ್ಷರ, ನಡುವೆ 'ಗೇ', ಜೋಳ ತುಂಬುವ ನೆಲದೊಳಗಿನ ಜಾಗ. ಉತ್ತರ ಈಗಾಗಲೇ ಮೇಲೆ ಬಂದಿದೆ. ಮನೆಯ ಹುಡುಗರನ್ನು ಕೇಳಿ ನೋಡಿ, ಅವರಿಗೆ ಹೊಳೆಯದಿದ್ದರೆ ಅಜ್ಜಿಯನ್ನು ಕೇಳಲು ಕಳಿಸಿ. ಅಜ್ಜಿ ಹೇಳುವ ಇನ್ನೂ ಹತ್ತು ಪದಗಳನ್ನು ಅದೇ ಫೋನಿನಲ್ಲಿ ಬರೆದಿಡಲಿ.