‘ಹಂಗಾಮಿ’ ಎಂಬ ಮಾತು

ಬಾಳಿಕೆಯಿಲ್ಲದ್ದನ್ನು ಹೇಳಲು ಇಂಗ್ಲಿಷಿನಲ್ಲಿ ಹಲವು ಪದಗಳಿವೆ. ‘ಎಫೆಮೆರಲ್’ ಎಂಬುದರ ಗ್ರೀಕ್ ಮೂಲಕ್ಕೆ ಒಂದೇ ದಿನ ಬಾಳುವುದೆಂದು ಅರ್ಥ. ‘ಟ್ರಾನ್ಸಿಯೆಂಟ್’ ಎಂಬುದರ ಲ್ಯಾಟಿನ್ ಮೂಲದಲ್ಲಿ ದಾಟಿಹೋಗುವ ಭಾವವಿದೆ. ಇಂಥ ಸೂಕ್ಷ್ಮಭೇದಗಳಿಗೆ ನಮ್ಮಲ್ಲಿಯೂ ಕೊರತೆಯಿಲ್ಲ. ಬೀದರಿನ ಮಹಮೂದ್ ಗವಾನನ ಮದರಸಾವನ್ನೇ ನೋಡಿರಿ. 1472ರಲ್ಲಿ ಕಟ್ಟಿದ ಆ ವಿದ್ಯಾಲಯದ ಒಂದು ಭಾಗ 1696ರ ಸ್ಫೋಟದಲ್ಲಿ ಕುಸಿಯಿತು. ಸ್ಫೋಟ ಕ್ಷಣಿಕ, ಕಟ್ಟಡ ನಶ್ವರ. ಎರಡು ಶತಮಾನ ಮೀರಿ ನಿಂತದ್ದನ್ನು ಕ್ಷಣಿಕವೆನ್ನಲು ನಾಲಗೆ ಏಳದು. ನಶ್ವರವೆಂಬುದು ಅಳಿವನ್ನು ಹೇಳುತ್ತದೆ, ಅವಧಿಯನ್ನಲ್ಲ.

ನನಗೆ ಹೆಚ್ಚು ಸ್ವಾರಸ್ಯವೆನಿಸುವ ಪದ ‘ಹಂಗಾಮಿ’. ಪಾರಸಿಯ ‘ಹಂಗಾಮ್’ ಎಂದರೆ ಕಾಲ, ಸಮಯ. ಔರಾದಿನ ರೈತ ಹೆಸರು, ಉದ್ದು ಬಿತ್ತುವ ಮುಂಗಾರು ಹಂಗಾಮಿನಲ್ಲಿಯೂ ಕಚೇರಿಯ ಹಂಗಾಮಿ ಅಧಿಕಾರಿಯಲ್ಲಿಯೂ ಇರುವುದು ಅದೇ ಪದ. ಅದಕ್ಕೆ ಇದಿರಾದ ‘ಕಾಯಂ’ ಸಹ ಅರಬ್ಬಿಯಿಂದ ಬಂದದ್ದೇ! ಕ್ಷಣಿಕವಾದದ್ದು ಹೋಗಿಬಿಡುತ್ತದೆ, ಹಂಗಾಮಿಯಾದದ್ದು ಮುಂದೆ ಬರುವವರಿಗಾಗಿ ಜಾಗ ಹಿಡಿದಿರುತ್ತದೆ.

ನಿಜಾಮರ ಸಂಸ್ಥಾನದಲ್ಲಿ ಉರ್ದುವೇ ಆಡಳಿತಭಾಷೆಯಾಗಿದ್ದಾಗ ಭಾಲ್ಕಿಯ ಮಠದ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕ ಹಾಕಿಸಿ ಒಳಗೆ ಕನ್ನಡ ಕಲಿಸಿದರು. ಆ ಫಲಕವನ್ನು ಕ್ಷಣಿಕವೆನ್ನಲಾಗದು, ನಶ್ವರವೆಂದರೂ ಸಲ್ಲದು, ಅದು ಹಂಗಾಮಿ. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ಬೀದರ್, ಭಾಲ್ಕಿ, ಔರಾದ್ ಮೈಸೂರು ರಾಜ್ಯಕ್ಕೆ ಸೇರಿದವು. ಅದೇ ಜಿಲ್ಲೆಯ ಉದಗೀರ ಮುಂಬಯಿ ರಾಜ್ಯಕ್ಕೆ ಹೋಯಿತು.

‘ಹಂಗಾಮಿ’ಯನ್ನು ಹೊಡೆದು ‘ತಾತ್ಕಾಲಿಕ’ ಎಂದು ತಿದ್ದುವವರುಂಟು. ನಾನು ಒಪ್ಪುವುದಿಲ್ಲ. ತಾತ್ಕಾಲಿಕವೆಂಬುದು ಆ ಹೊತ್ತಿನದನ್ನಷ್ಟೇ ಹೇಳುತ್ತದೆ. ಫಲಕದ ಹಿಂದೆ ಅಕ್ಷರ ತಿದ್ದುತ್ತಿದ್ದ ಮಕ್ಕಳಿಗೆ ಅದರಲ್ಲಿ ಎಡೆಯಿಲ್ಲ.