ಎದೆಯ ಶಸ್ತ್ರಚಿಕಿತ್ಸೆ: ಹೊರಡುವ ಮುನ್ನ, ಮರಳಿದ ಮೇಲೆ

ಹುಟ್ಟಿದಾಗ ಹೆಣ್ಣೆಂದು ದಾಖಲಾಗಿ, ಮುಂದೆ ಪುರುಷನಾಗಿ ಬಾಳುವವರನ್ನು ಟ್ರಾನ್ಸ್ ಪುರುಷರು ಎನ್ನಲಾಗುತ್ತದೆ. ಇವರಲ್ಲಿ ಹಲವರು ಸ್ತನದ ಅಂಗಾಂಶವನ್ನು ತೆಗೆಸಿ, ಎದೆಗೆ ಪುರುಷ ರೂಪ ಪಡೆಯುತ್ತಾರೆ. ಇದೇ 'ಟಾಪ್ ಸರ್ಜರಿ'. ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಪ್ರಶಸ್ತಿ ಘೋಷಣೆಯಾದ ನಾಡಿನಲ್ಲಿ ಟ್ರಾನ್ಸ್ ಮಹಿಳೆಯರ ಬದುಕು ಅಷ್ಟಿಷ್ಟು ಪರಿಚಿತ. ಟ್ರಾನ್ಸ್ ಪುರುಷರ ಅಗತ್ಯಗಳ ಕುರಿತು ಕನ್ನಡದಲ್ಲಿ ದೊರೆಯುವ ಮಾಹಿತಿ ಮಾತ್ರ ವಿರಳ.

ಶಸ್ತ್ರಚಿಕಿತ್ಸೆ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಚೇತರಿಕೆಗೆ ವಾರಗಳು ಬೇಕು. ರಾಮನಗರ, ಚನ್ನಪಟ್ಟಣ, ಕನಕಪುರ ಹಾಗೂ ಮಾಗಡಿಯ ನಿವಾಸಿಗಳು ಇಂತಹ ತಜ್ಞ ಚಿಕಿತ್ಸೆಗಾಗಿ ಸುಮಾರು 50ರಿಂದ 60 ಕಿ.ಮೀ. ದೂರದ ಬೆಂಗಳೂರನ್ನೇ ನೆಚ್ಚಬೇಕಾಗುತ್ತದೆ. ಆದ್ದರಿಂದ ಮನೆ ಬಿಡುವ ಮುನ್ನ ಮಾಡಿಕೊಳ್ಳುವ ಸಿದ್ಧತೆ ಚಿಕಿತ್ಸೆಯಷ್ಟೇ ಮುಖ್ಯ.

ದಾಖಲೆ ಮತ್ತು ವೆಚ್ಚ

ಲಿಂಗತ್ವವನ್ನು ಸ್ವತಃ ಗುರುತಿಸಿಕೊಳ್ಳುವ ಹಕ್ಕನ್ನು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ ಎತ್ತಿಹಿಡಿಯಿತು. 2019ರಲ್ಲಿ ಅಂಗೀಕಾರವಾದ ಕಾಯ್ದೆಯು ಶಸ್ತ್ರಚಿಕಿತ್ಸೆ ಸೇರಿದಂತೆ ಆರೋಗ್ಯ ಸೌಲಭ್ಯ ಕಲ್ಪಿಸುವ ಹೊಣೆಯನ್ನು ಸರ್ಕಾರಗಳಿಗೆ ವಹಿಸಿತು. 2022ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರ ಮತ್ತು ಸಾಮಾಜಿಕ ನ್ಯಾಯ ಸಚಿವಾಲಯದ ನಡುವೆ ಒಪ್ಪಂದವಾಗಿ, 'ಆಯುಷ್ಮಾನ್ ಭಾರತ್ ಟಿಜಿ ಪ್ಲಸ್' ಅಡಿ ವರ್ಷಕ್ಕೆ 5 ಲಕ್ಷ ರೂ.ವರೆಗಿನ ಚಿಕಿತ್ಸಾ ನೆರವು ಪ್ರಕಟವಾಯಿತು. ಆಯ್ದುಕೊಂಡ ಆಸ್ಪತ್ರೆಯಲ್ಲಿ ಇದು ಅನ್ವಯವಾಗುವುದೇ, ಗುರುತಿನ ಪ್ರಮಾಣಪತ್ರಕ್ಕೆ ಇರುವ ಪ್ರಚಲಿತ ನಿಯಮಗಳೇನು ಎಂಬುದನ್ನು ದಿನಾಂಕ ನಿಗದಿಗೆ ಮೊದಲೇ ಆಸ್ಪತ್ರೆ ಹಾಗೂ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು.

ಆಧಾರ್, ವಿಮಾ ಕಾರ್ಡ್ ಮತ್ತು ಆಸ್ಪತ್ರೆಯ ದಾಖಲೆಗಳಲ್ಲಿ ಹೆಸರು ಬೇರೆ ಬೇರೆಯಾಗಿದ್ದರೆ ದಾಖಲಾಗುವ ದಿನವೇ ತೊಡಕುಂಟಾಗಬಹುದು. ಇದನ್ನು ಮುಂಚಿತವಾಗಿಯೇ ತಿಳಿಸಿ, ಯಾವ ಹೆಸರಿನಿಂದ ಕರೆಯಬೇಕೆಂಬುದನ್ನೂ ಬರೆಸಿಡುವುದು ಒಳಿತು.

ವೈದ್ಯಕೀಯ ತಯಾರಿ

ಲಿಂಗತ್ವ ಆರೋಗ್ಯಕ್ಕೆ ಸಂಬಂಧಿಸಿದ ವಿಶ್ವ ವೃತ್ತಿಪರರ ಸಂಸ್ಥೆಯು 2022ರಲ್ಲಿ ಹೊರತಂದ 8ನೇ ಆವೃತ್ತಿಯ ಮಾರ್ಗಸೂಚಿಯಂತೆ, ಎದೆಯ ಶಸ್ತ್ರಚಿಕಿತ್ಸೆಗೆ ಮುನ್ನ ಹಾರ್ಮೋನ್ ಪಡೆದಿರಲೇಬೇಕೆಂಬ ಕಡ್ಡಾಯವಿಲ್ಲ. ರಕ್ತಹೀನತೆ, ಮಧುಮೇಹ, ರಕ್ತದೊತ್ತಡಗಳ ತಪಾಸಣೆ ಅಗತ್ಯ. ಹಾರ್ಮೋನ್ ಮಾತ್ರವಲ್ಲದೆ ಆಯುರ್ವೇದ ಮತ್ತು ನಾಟಿ ಔಷಧಿಗಳ ವಿವರವನ್ನೂ ವೈದ್ಯರಿಗೆ ನೀಡಬೇಕು. ಆಸ್ಪಿರಿನ್‌ನಂತಹ ಮಾತ್ರೆಗಳು ರಕ್ತಸ್ರಾವ ಹೆಚ್ಚಿಸುತ್ತವೆ. ಆದರೆ ಯಾವುದೇ ಔಷಧಿಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಬೀಡಿ, ಸಿಗರೇಟು, ಜಗಿಯುವ ತಂಬಾಕನ್ನು ಕನಿಷ್ಠ 4 ವಾರ ಮೊದಲೇ ತ್ಯಜಿಸಿ, ಗಾಯ ಮಾಯುವವರೆಗೂ ದೂರವಿಡಬೇಕು. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ. ತೊಟ್ಟನ್ನು ಬೇರ್ಪಡಿಸಿ ಮರಳಿ ಕೂರಿಸುವ ವಿಧಾನದಲ್ಲಿ ಇದರಿಂದ ತೊಟ್ಟೇ ನಷ್ಟವಾಗುವ ಅಪಾಯವಿದೆ. ಸಾಮಾನ್ಯವಾಗಿ ಅರಿವಳಿಕೆಗೆ 6 ಗಂಟೆ ಮೊದಲು ಘನ ಆಹಾರ, 2 ಗಂಟೆ ಮೊದಲು ನೀರು ನಿಲ್ಲಿಸಲಾಗುತ್ತದೆ. ಈ ವಿಷಯದಲ್ಲಿ ಆಸ್ಪತ್ರೆಯ ಸೂಚನೆಯೇ ಅಂತಿಮ.

ಚೀಲದಲ್ಲಿ ಏನಿರಬೇಕು?

* ಮುಂಭಾಗದಲ್ಲಿ ಗುಂಡಿಯಿರುವ ನಾಲ್ಕೈದು ಸಡಿಲ ಅಂಗಿ, ನಾಡಾ ಬದಲು ಎಲಾಸ್ಟಿಕ್ ಇರುವ ಪೈಜಾಮ
* ಬಗ್ಗದೆ ಹಾಕಿಕೊಳ್ಳಬಹುದಾದ ಚಪ್ಪಲಿ
* ಗುರುತಿನ ಚೀಟಿ, ಪರೀಕ್ಷಾ ವರದಿಗಳು ಮತ್ತು ಅವುಗಳ ನಕಲು
* ನಿತ್ಯ ಸೇವಿಸುವ ಔಷಧಿ, ವೈದ್ಯರ ಚೀಟಿ
* ಉದ್ದ ವೈರಿನ ಚಾರ್ಜರ್, ಹೀರುಕೊಳವೆ, ಒದ್ದೆ ಟಿಶ್ಯೂ
* ಎರಡು ದಿಂಬು: ಒಂದು ಬೆನ್ನಿಗೆ, ಇನ್ನೊಂದು ಪ್ರಯಾಣದಲ್ಲಿ ಎದೆಗೂ ಸೀಟ್ ಬೆಲ್ಟ್‌ಗೂ ನಡುವೆ
* ಡ್ರೈನ್ ನಳಿಕೆಯ ದ್ರವದ ಪ್ರಮಾಣ ಬರೆದಿಡಲು ಪುಸ್ತಕ, ಪೆನ್ನು

ಮೊದಲ ಎರಡು ದಿನ

ಚರ್ಮದಡಿ ರಕ್ತ ಶೇಖರಗೊಳ್ಳುವುದು ಈ ಶಸ್ತ್ರಚಿಕಿತ್ಸೆಯ ಪ್ರಮುಖ ತೊಡಕು. ಹೆಚ್ಚಾಗಿ ಇದು ಮೊದಲ 24ರಿಂದ 48 ಗಂಟೆಗಳಲ್ಲೇ ತಲೆದೋರುತ್ತದೆ. ಒಂದೇ ಬದಿ ದಿಢೀರನೆ ಊದಿಕೊಂಡು ಬಿಗಿಯಾಗುವುದು, ತಡೆಯಲಾಗದ ನೋವು, ನಳಿಕೆಯಲ್ಲಿ ಕಡುಗೆಂಪು ರಕ್ತ ವೇಗವಾಗಿ ತುಂಬುವುದು ಇದರ ಲಕ್ಷಣಗಳು. ಕನಕಪುರದ ಹಳ್ಳಿಯೊಂದರಲ್ಲಿ ನಡುರಾತ್ರಿ ಹೀಗಾದರೆ ಶಸ್ತ್ರವೈದ್ಯರನ್ನು ತಲುಪಲು ಗಂಟೆಗಳೇ ಹಿಡಿಯಬಹುದು. ಆದ್ದರಿಂದ ಬೇಗ ಬಿಡುಗಡೆಯಾದರೂ ಮೊದಲ ಕೆಲವು ದಿನ ಆಸ್ಪತ್ರೆಯ ಸಮೀಪ, ಒಬ್ಬ ನಂಬಿಕಸ್ಥರ ಜೊತೆಯಲ್ಲಿ ತಂಗುವುದು ಕ್ಷೇಮ. ಈ ವಸತಿಯ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಂಡಿರಬೇಕು. ಊರಿಗೆ ಮರಳಿದ ಮೇಲೆ ತುರ್ತು ಎದುರಾದರೆ 108 ಆಂಬುಲೆನ್ಸ್ ಕರೆದು, ಶಸ್ತ್ರವೈದ್ಯರಿಗೂ ಫೋನ್ ಮಾಡಬೇಕು.

ಮರಳುವ ದಾರಿಗೆ ಕಾರು ಸೂಕ್ತ. ಬೈಕ್ ಸಲ್ಲದು, ಕಂಬಿ ಹಿಡಿದು ನಿಲ್ಲಬೇಕಾದ ಬಸ್ಸೂ ಸಲ್ಲದು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಆಟೋಗಳಿಗೆ ನಿರ್ಬಂಧ ವಿಧಿಸಲಾಯಿತು. ರಾಮನಗರ, ಚನ್ನಪಟ್ಟಣಕ್ಕೆ ರೈಲಿದೆಯಾದರೂ ನೂಕುನುಗ್ಗಲಿನಲ್ಲಿ ಎದೆಗೆ ಪೆಟ್ಟು ತಗಲುವ ಭಯವಿರುತ್ತದೆ.

ಮನೆಯಲ್ಲಿ ಚೇತರಿಕೆ

ಕೆಲವು ವಾರ ತೋಳನ್ನು ಭುಜಕ್ಕಿಂತ ಮೇಲೆತ್ತುವಂತಿಲ್ಲ. ಆದಕಾರಣ ಅಟ್ಟದ ಡಬ್ಬಿ, ಗೂಟದ ಬಟ್ಟೆ, ಔಷಧಿಗಳೆಲ್ಲ ಮೊದಲೇ ಸೊಂಟದ ಎತ್ತರಕ್ಕೆ ಇಳಿದಿರಬೇಕು. ಚಾಪೆಯಿಂದ ಏಳುವಾಗ ಕೈಯೂರಬೇಕಾಗುವುದರಿಂದ ಮಂಚವೇ ಲೇಸು. ಬೆನ್ನಿಗೆ ದಿಂಬುಗಳನ್ನಿಟ್ಟು ಅರೆ ಒರಗಿ, ಅಂಗಾತ ಮಲಗಬೇಕು. ಚೊಂಬಿನಿಂದ ತಲೆಗೆ ನೀರು ಹೊಯ್ದುಕೊಳ್ಳುವಂತಿಲ್ಲ. ವೈದ್ಯರು ಸ್ನಾನಕ್ಕೆ ಅನುಮತಿಸಿದ ನಂತರವೂ ಬೇರೊಬ್ಬರ ನೆರವು ಬೇಕಾಗುತ್ತದೆ.

ನಳಿಕೆಯ ದ್ರವವನ್ನು ಪ್ರತಿದಿನ ಅಳೆದು ಬರೆದಿಡಬೇಕು. ಅದು ಸಾಕಷ್ಟು ಇಳಿದ ಬಳಿಕ, ಸಾಮಾನ್ಯವಾಗಿ ಸುಮಾರು ಒಂದು ವಾರದಲ್ಲಿ, ವೈದ್ಯರು ನಳಿಕೆ ತೆಗೆಯುತ್ತಾರೆ. ಬಿಗಿ ಕವಚವನ್ನು ಅವರು ಹೇಳಿದಷ್ಟು ವಾರ ಧರಿಸಬೇಕು. ಗಾಯಕ್ಕೆ ಅರಿಶಿನ, ಎಣ್ಣೆ, ಸೊಪ್ಪಿನ ರಸ ಹಚ್ಚಬಾರದು. ಪಥ್ಯದ ಹೆಸರಿನಲ್ಲಿ ನೀರು, ಆಹಾರ ಕಡಿತಗೊಳಿಸುವುದೂ ತಪ್ಪು. ಗಾಯ ಮಾಯಲು ಪ್ರೋಟೀನ್ ಬೇಕು: ಮುದ್ದೆಯ ಜೊತೆ ಕಾಳಿನ ಸಾರು, ಮೊಸರು, ಮೊಟ್ಟೆ ಹಿತಕರ. ಕೆಲವು ನೋವು ನಿವಾರಕಗಳಿಂದ ಮಲಬದ್ಧತೆ ಉಂಟಾಗುವುದರಿಂದ ಸೊಪ್ಪು, ಹಣ್ಣು, ನೀರು ಯಥೇಚ್ಛವಾಗಿರಲಿ. ಜ್ವರ, ಕೀವು, ಹೆಚ್ಚುತ್ತಿರುವ ಕೆಂಪು ಕಂಡರೆ ವೈದ್ಯರನ್ನು ಕಾಣಬೇಕು. ಉಸಿರಾಟದ ತೊಂದರೆ ಅಥವಾ ಮೀನಖಂಡದ ಊತ ಕಾಣಿಸಿಕೊಂಡರೆ ಒಂದು ಗಂಟೆಯೂ ಕಾಯಬಾರದು.

ಕೆಲಸಕ್ಕೆ ಯಾವಾಗ?

ಕುಳಿತು ಮಾಡುವ ಕಚೇರಿ ಕೆಲಸಕ್ಕೆ ಸಾಮಾನ್ಯವಾಗಿ ಎರಡು ವಾರದ ಆಸುಪಾಸಿನಲ್ಲಿ ಮರಳಬಹುದು. ಈ ಸೀಮೆಯ ಕಸುಬುಗಳು ಮಾತ್ರ ತೋಳುಬಲವನ್ನೇ ಬೇಡುತ್ತವೆ. ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನ ಚೀಲ ಎತ್ತುವುದು, ಚನ್ನಪಟ್ಟಣದ ಬೊಂಬೆ ತಯಾರಿಕೆಯಲ್ಲಿ ತಿರುಗುವ ಮರಕ್ಕೆ ಉಳಿ ಒತ್ತಿ ಹಿಡಿಯುವುದು, ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊರುವುದು, ಹಾಲು ಕರೆಯುವುದು, ಇವುಗಳಿಗೆ 6 ವಾರ ಅಥವಾ ಅದಕ್ಕೂ ಹೆಚ್ಚಿನ ವಿರಾಮ ಬೇಕಾಗಬಹುದು. ರೇಷ್ಮೆ ಹುಳು ಸಾಕಣೆ ಮನೆಗೆ ಸುಣ್ಣ, ಬ್ಲೀಚಿಂಗ್ ಪುಡಿ ಹಾಕುವ ಕೆಲಸದಿಂದಲೂ ಹಸಿ ಗಾಯವಿರುವವರು ದೂರವಿರಬೇಕು. ದಿನಗೂಲಿ ನೌಕರರು ಇಷ್ಟು ದಿನಗಳ ಸಂಪಾದನೆಯನ್ನೂ ಚಿಕಿತ್ಸಾ ವೆಚ್ಚದ ಭಾಗವೆಂದೇ ಎಣಿಸಬೇಕು.

ನೆರೆಹೊರೆಯವರಿಗೆ ಏನು ಹೇಳಬೇಕು, ಎಷ್ಟು ಹೇಳಬೇಕು ಎಂಬುದು ಸಂಬಂಧಪಟ್ಟವರ ನಿರ್ಧಾರ. 'ಆಪರೇಷನ್ ಆಗಿದೆ, ಭಾರ ಎತ್ತಬಾರದು' ಎಂಬಷ್ಟೇ ಉತ್ತರ ಸಾಕು. ಆದರೆ ಮನೆಯಲ್ಲಿ ಆರೈಕೆ ಮಾಡುವ ಒಬ್ಬರಿಗಾದರೂ ಪೂರ್ಣ ವಿಷಯ ತಿಳಿದಿರಬೇಕು. ಚಿಕಿತ್ಸೆಯ ನಂತರ ಮನಸ್ಸು ಕುಗ್ಗುವುದೂ ಉಂಟು. ಹಾಗಾದಲ್ಲಿ 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಶಸ್ತ್ರಚಿಕಿತ್ಸೆಯ ಬಳಿಕವೂ ಸ್ವಲ್ಪ ಅಂಗಾಂಶ ಉಳಿಯುವುದರಿಂದ, ಎದೆಯಲ್ಲಿ ಹೊಸ ಗಂಟು ಕಂಡುಬಂದರೆ ಎಷ್ಟೇ ವರ್ಷಗಳಾಗಿದ್ದರೂ ತಪಾಸಣೆ ಮಾಡಿಸಿಕೊಳ್ಳಬೇಕು.